ರಸ್ತೆಗೆ ಬ್ರಿಟಿಷ್ ಅಧಿಕಾರಿಯ ಹೆಸರು: ಇರಲೋ, ತೆಗೆಯಲೋ?

ಪ್ರಶ್ನೆ: ನಮ್ಮ ಮನೆ ಬೆಂಗಳೂರಿನ ದಂಡು ಪ್ರದೇಶದಲ್ಲಿದೆ. ರಸ್ತೆಗೆ ಒಬ್ಬ ಬ್ರಿಟಿಷ್ ಅಧಿಕಾರಿಯ ಹೆಸರು. ತಿರುವಿನಲ್ಲಿ ಅದೇ ಹೆಸರು ಕೆತ್ತಿದ, ಮೊಣಕಾಲೆತ್ತರದ ಒಂದು ಕಲ್ಲೂ ಇದೆ. ನಿವಾಸಿಗಳ ಸಂಘಕ್ಕೆ ನಾನು ಖಜಾಂಚಿ. ಕಳೆದ ತಿಂಗಳ ಸಭೆಯಲ್ಲಿ ಕೆಲವು ಹುಡುಗರು, "ನಮ್ಮನ್ನು ಲೂಟಿ ಹೊಡೆದವರ ಹೆಸರು ಇನ್ನೂ ಯಾಕೆ? ತೆಗೆದು ಸ್ವಾತಂತ್ರ್ಯ ಹೋರಾಟಗಾರರ ಹೆಸರಿಡೋಣ" ಎಂದರು. "ಕಲ್ಲು ಕಿತ್ತರೆ ಇತಿಹಾಸವನ್ನೇ ಅಳಿಸಿದ ಹಾಗೆ" ಎಂದು ಹಿರಿಯರು ಎದ್ದು ನಿಂತರು. ಮಧ್ಯೆ ಯಾರೋ ಟಿಪ್ಪು ಹೆಸರು ತೆಗೆದರು, ಅಲ್ಲಿಗೆ ವಾಟ್ಸ್‌ಆ್ಯಪ್ ಗುಂಪು ಎರಡಾಯಿತು. ಕಬ್ಬನ್ ಥರದವರು ಒಳ್ಳೆಯ ಕೆಲಸವನ್ನೂ ಮಾಡಿದ್ದಾರೆ ಅನ್ನುತ್ತಾರೆ ನಮ್ಮ ಮಾವ. ಒಂಬತ್ತನೇ ಕ್ಲಾಸಿನ ಮಗಳು, "ಒಳ್ಳೆಯವರಾದರೆ ನಮ್ಮನ್ನು ಆಳೋಕೆ ಯಾಕೆ ಬಂದರು?" ಅಂತಾಳೆ. ಮುಂದಿನ ಸಭೆಗೆ ನಾನೇ ಒಂದು ಟಿಪ್ಪಣಿ ತರಬೇಕಂತೆ. ಏನು ಬರೆಯಲಿ?

— ಹೆಸರು ಬೇಡ ಎಂದಿರುವ ಓದುಗರು, ಬೆಂಗಳೂರು

ಉತ್ತರ: ಜಗಳ ಆಡಿದ್ದು ಹುಡುಗರೂ ಹಿರಿಯರೂ, ಟಿಪ್ಪಣಿ ಬರೆಯುವ ಪಾಡು ಖಜಾಂಚಿಗೆ! ಹಳೆಯ ಕಡತಗಳ ನಡುವೆ ಮೂವತ್ತು ವರ್ಷ ಕೂತೆದ್ದ ನನಗೆ ಈ ಪ್ರಶ್ನೆ ಹೊಸದಲ್ಲ. "ಸರ್, ಈ ಮನುಷ್ಯ ಒಳ್ಳೆಯವನೋ ಕೆಟ್ಟವನೋ, ಒಂದು ಚೀಟಿ ಬರೆದುಕೊಡಿ" ಎಂದು ವರ್ಷಕ್ಕೊಬ್ಬರಾದರೂ ಬರುತ್ತಿದ್ದರು. ಅಂಥ ಚೀಟಿ ಯಾವ ಕಡತದಲ್ಲೂ ಸಿಗುವುದಿಲ್ಲ. ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಒಂದಕ್ಕೊಂದು ಸಿಕ್ಕುಬಿದ್ದಿವೆ. ಕಲ್ಲು ತೆಗೆದರೆ ಇತಿಹಾಸ ಅಳಿಯುತ್ತದೆಯೇ? ಆ ಮನುಷ್ಯ ಎಂಥವನು? ಈಗ ನಿಮ್ಮ ಸಂಘ ಏನು ಮಾಡಬೇಕು? ಒಂದೊಂದಾಗಿ ಬಿಡಿಸಿ ನೋಡೋಣ.

ಮೊದಲು ಹಿರಿಯರ ಮಾತು. ಒಂದು ಭಾನುವಾರ ಕೆ.ಆರ್. ಮಾರ್ಕೆಟ್ ಪಕ್ಕದ ಕೋಟೆಗೆ ಹೋಗಿ. ಗೋಡೆಯಲ್ಲಿ ಒಂದು ಅಮೃತಶಿಲೆಯ ಫಲಕ ಕೂರಿಸಿದ್ದಾರೆ. 1791ರ ಮಾರ್ಚ್ 21ರಂದು ಈ ಬಿರುಕಿನ ಮೂಲಕ ಬ್ರಿಟಿಷರ ದಾಳಿ ನಡೆಯಿತು, ಎನ್ನುತ್ತದೆ ಅದು. ಒಂದೇ ವಾಕ್ಯ, ಸುಳ್ಳಂತೂ ಅಲ್ಲ. ಆದರೆ ಆ ರಾತ್ರಿ ಕೋಟೆ ಕಾಯುತ್ತಾ ಸತ್ತ ಕಿಲ್ಲೇದಾರ ಬಹಾದ್ದೂರ್ ಖಾನ್‌ನ ಹೆಸರು ಅದರಲ್ಲಿಲ್ಲ. ದಾಳಿ ಟಿಪ್ಪುವಿನ ಸೈನ್ಯದ ಮೇಲೆ ಎಂಬುದೂ ಇಲ್ಲ. ಹಾಗಾದರೆ ಬಹಾದ್ದೂರ್ ಖಾನ್ ನಮಗೆ ಹೇಗೆ ಗೊತ್ತು? ಕಾಗದದಿಂದ. ಆ ಯುದ್ಧದಲ್ಲಿದ್ದವರೇ ಬರೆದಿಟ್ಟ ಬರಹಗಳಿಂದ. ಕಲ್ಲು ನೆಟ್ಟವನು ತನಗೆ ಬೇಕಾದ ಸಾಲನ್ನಷ್ಟೇ ಕೆತ್ತಿಸಿರುತ್ತಾನೆ, ಉಳಿದ ಪುಟಗಳು ಬೇರೆಲ್ಲೋ ಇರುತ್ತವೆ.

ಅದೇ ದಾಳಿಯಲ್ಲಿ ಸತ್ತ ಬ್ರಿಟಿಷರಿಗೆ ಈಗಿನ ಪಾಲಿಕೆ ಕಚೇರಿಯ ಬಳಿ ದೊಡ್ಡದೊಂದು ಸ್ಮಾರಕ ಸ್ತಂಭವಿತ್ತು. ಅದರಿಂದಲೇ ಆ ರಸ್ತೆಗೆ ಸೆನೊಟಾಫ್ ರಸ್ತೆ ಎಂಬ ಹೆಸರು. 1964ರಲ್ಲಿ ಸ್ತಂಭ ಉರುಳಿತು. ಅಲ್ಲೀಗ ಕೆಂಪೇಗೌಡರ ಪ್ರತಿಮೆ ಇದೆ, ರಸ್ತೆ ನೃಪತುಂಗ ರಸ್ತೆ. ಬೆಂಗಳೂರಿನ ಮುತ್ತಿಗೆಯನ್ನು ನಾವೇನು ಮರೆತೆವಾ? ಇಲ್ಲ. ಆದ್ದರಿಂದ ಕಲ್ಲು ಹೋದರೆ ಇತಿಹಾಸವೇ ಹೋಯಿತು ಎನ್ನುವುದು ಅತಿಮಾತು. ಆದರೂ ಒಂದು ನಷ್ಟ ಆಗಿದೆ. ಆ ಸ್ತಂಭವನ್ನು ಯಾರು ಹೇಗೆ ಕಟ್ಟಿದರು, ಯಾರನ್ನು ಸೇರಿಸಿದರು, ಯಾರನ್ನು ಬಿಟ್ಟರು ಎಂದು ಎದುರು ನಿಂತು ನೋಡಿ ತಿಳಿಯಲು ಈಗ ಆಗುವುದಿಲ್ಲ. ಹಳೆಯ ಫೋಟೊಗಳೇ ಗತಿ. ನನ್ನ ಕಸುಬಿನವರಿಗೆ ಅದು ಸಾಕ್ಷಿಯ ನಷ್ಟ.

ಇನ್ನು ಹುಡುಗರ ಮಾತು. ಹೆಸರು ಬದಲಾದರೆ ಗೌರವವೂ ಹೋಗುತ್ತದೆ ಎಂದುಕೊಂಡಿದ್ದಾರೆ. ಕಬ್ಬನ್ ಪಾರ್ಕಿನ ಅಧಿಕೃತ ಹೆಸರು 1927ರಿಂದ ಶ್ರೀ ಚಾಮರಾಜೇಂದ್ರ ಉದ್ಯಾನ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಇಟ್ಟ ಹೆಸರದು. ನೂರು ವರ್ಷವಾಗುತ್ತಾ ಬಂತು, ಆಟೋದವರಿಗೆ ಆ ಹೆಸರು ಹೇಳಿ ನೋಡಿ. ಮೆಟ್ರೊ ನಿಲ್ದಾಣಕ್ಕೂ ಕಬ್ಬನ್ ಪಾರ್ಕ್ ಎಂದೇ ಇಟ್ಟರು. ಫ್ರೇಜರ್ ಟೌನ್ ಕಾಗದದಲ್ಲಿ ಪುಲಕೇಶಿನಗರ, ಬಾಯಲ್ಲಿ ಇನ್ನೂ ಫ್ರೇಜರ್ ಟೌನ್. ಆದರೆ ಸೌತ್ ಪೆರೇಡ್ ಎಂದು ಈಗ ಯಾರೂ ಅನ್ನುವುದಿಲ್ಲ, 1948ರಲ್ಲಿ ಇಟ್ಟ ಮಹಾತ್ಮ ಗಾಂಧಿ ರಸ್ತೆ ಎಂಬ ಹೆಸರು ಎಂ.ಜಿ. ರೋಡ್ ಆಗಿ ನಾಲಿಗೆಗೆ ಕೂತುಬಿಟ್ಟಿತು. ಯಾವ ಹೆಸರು ಕೂರುತ್ತದೆ, ಯಾವುದು ಜಾರುತ್ತದೆ ಎಂದು ಮೊದಲೇ ಹೇಳುವವರು ಯಾರೂ ಇಲ್ಲ. ಇನ್ನು ಕಬ್ಬನ್ ಪಾರ್ಕಿನಲ್ಲಿ ಓಡುವ ಸಾವಿರಾರು ಜನ ಮಾರ್ಕ್ ಕಬ್ಬನ್‌ಗೆ ದಿನಾ ಕೈಮುಗಿಯುತ್ತಿದ್ದಾರೆ ಎಂದೇನೂ ಅಲ್ಲ. ಬಹಳ ಕಡೆ ಹೆಸರು ಸವೆದು ಬರೀ ವಿಳಾಸ ಆಗಿರುತ್ತದೆ.

ಹಾಗಾದರೆ ಗೌರವ ಎಂದರೆ ಯಾವುದು, ನೆನಪು ಎಂದರೆ ಯಾವುದು? ಇದಕ್ಕೆ ದೂರ ಹೋಗಬೇಕಿಲ್ಲ, ನಮ್ಮ ಹಳ್ಳಿಗಳ ಮಾಸ್ತಿಕಲ್ಲು ನೋಡಿ. ಒಂದು ಕಂಬ, ಅದರಿಂದ ಹೊರಟ ಮಡಚಿದ ತೋಳು, ಕೈತುಂಬ ಬಳೆ, ಎತ್ತಿದ ಅಂಗೈಯಲ್ಲಿ ಹೆಬ್ಬೆರಳಿಗೂ ಬೆರಳಿಗೂ ನಡುವೆ ಒಂದು ನಿಂಬೆಹಣ್ಣು. ಗಂಡನ ಚಿತೆಯಲ್ಲಿ ಸುಟ್ಟುಹೋದ ಹೆಂಗಸಿಗಾಗಿ ನಿಲ್ಲಿಸಿದ್ದು. ಇದನ್ನು ಒಡೆಯಿರಿ ಎಂದು ಯಾರೂ ಹೇಳುವುದಿಲ್ಲ. ಪುರಾತತ್ವ ಇಲಾಖೆ ಕಾಪಾಡುತ್ತದೆ, ವಸ್ತುಸಂಗ್ರಹಾಲಯದಲ್ಲಿ ಚೀಟಿ ಅಂಟಿಸಿ ಇಡುತ್ತದೆ. ಆದರೆ ಅದೇ ಸತಿಯನ್ನು ಇವತ್ತು ಯಾರಾದರೂ ಮೆರೆಸಿದರೆ, ಹೊಸ ಗುಡಿ ಕಟ್ಟಿದರೆ, 1987ರ ಕಾಯಿದೆಯ ಪ್ರಕಾರ ಅಪರಾಧ. ಕಲ್ಲು ಉಳಿಸಿಕೊಂಡೆವು, ಮೆರವಣಿಗೆ ನಿಲ್ಲಿಸಿದೆವು. ಈ ಎರಡು ಕೆಲಸವನ್ನು ಒಟ್ಟಿಗೆ ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ವೀರಗಲ್ಲೂ ಹಾಗೇ. ಬೆಂಗಳೂರಿನ ಹೆಸರು ಮೊದಲು ಕಾಣಿಸುವುದೇ ಬೇಗೂರಿನ ವೀರಗಲ್ಲಿನಲ್ಲಿ, ಸುಮಾರು ಕ್ರಿ.ಶ. 900ರ ಒಂದು ಕಾಳಗದಲ್ಲಿ ಸತ್ತವನ ಮಾತಿನ ಜೊತೆಗೆ. ವೀರಗಲ್ಲು ಮನುಷ್ಯನ ಇಡೀ ಬಾಳಿಗೆ ಅಂಕ ಕೊಡುವುದಿಲ್ಲ. ತುರು ಬಿಡಿಸಿದ, ಊರು ಕಾದ, ಸತ್ತ, ಅಷ್ಟೇ. ಯಾವ ಕೆಲಸಕ್ಕಾಗಿ ಈ ಕಲ್ಲು ಎಂಬುದು ಮೇಲೇ ಬರೆದಿರುತ್ತದೆ. ನೀವು ಯಾವ ಪ್ರತಿಮೆ, ಯಾವ ನಾಮಫಲಕದ ಮುಂದೆ ನಿಂತರೂ ಕೇಳಬೇಕಾದದ್ದು ಅದನ್ನೇ: ಯಾವ ಕೆಲಸಕ್ಕಾಗಿ, ಯಾರು, ಯಾವಾಗ ನಿಲ್ಲಿಸಿದರು? "ಒಳ್ಳೆಯವನೋ ಕೆಟ್ಟವನೋ" ಎಂದು ಹೊರಟರೆ ಸಭೆ ಬೆಳಗಿನ ಜಾವಕ್ಕೂ ಮುಗಿಯುವುದಿಲ್ಲ.

ಮದರಾಸಿನ ಎರಡು ಪ್ರತಿಮೆಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಮೌಂಟ್ ರೋಡಿನಲ್ಲಿ ಕರ್ನಲ್ ನೀಲ್‌ನ ಪ್ರತಿಮೆ ಇತ್ತು. 1857ರಲ್ಲಿ ಅಲಹಾಬಾದ್, ಕಾನ್ಪುರಗಳಲ್ಲಿ ಸಿಕ್ಕವರನ್ನು ನೇಣಿಗೆ ಹಾಕಿಸಿದವನು, ಗಲ್ಲಿಗೇರಿಸುವ ಮೊದಲು ಕೈದಿಗಳಿಂದ ನೆಲದ ರಕ್ತ ನೆಕ್ಕಿಸಿದವನು. ಆ ವರ್ಷದ 'ಸೇವೆ'ಗಾಗಿಯೇ ಅವನಿಗೆ ಪ್ರತಿಮೆ. 1927ರಲ್ಲಿ ಅದನ್ನು ತೆಗೆಸಲು ಸತ್ಯಾಗ್ರಹ ನಡೆಯಿತು, ಗಾಂಧೀಜಿಯೂ ಅಹಿಂಸೆಯ ಷರತ್ತಿನ ಮೇಲೆ ಬೆಂಬಲಿಸಿದರು. 1937ರಲ್ಲಿ ರಾಜಾಜಿ ಸರ್ಕಾರ ಅದನ್ನು ಮ್ಯೂಸಿಯಂಗೆ ಸಾಗಿಸಿತು, ಒಡೆಯಲಿಲ್ಲ. ಅದೇ ಊರಿನಲ್ಲಿ ಥಾಮಸ್ ಮನ್ರೊ ಇಂದಿಗೂ ಕುದುರೆ ಮೇಲೆ ಕೂತಿದ್ದಾನೆ. ಅವನೂ ಈಸ್ಟ್ ಇಂಡಿಯಾ ಕಂಪನಿಯ ಸೈನಿಕನೇ, ಟಿಪ್ಪು ವಿರುದ್ಧ ಕಾದಾಡಿದವನೇ. ಆದರೆ ಜನರ ನೆನಪಿನಲ್ಲಿ ಉಳಿದದ್ದು ಬಳ್ಳಾರಿ, ಅನಂತಪುರ, ಕಡಪ ಸೀಮೆಗಳಲ್ಲಿ ಊರೂರು ಅಲೆದು ರೈತನ ಜೊತೆಗೇ ಕಂದಾಯ ನಿಗದಿ ಮಾಡಿದ ಕಲೆಕ್ಟರ್. ಮಂತ್ರಾಲಯದಲ್ಲಿ ಅವನಿಗೆ ರಾಯರು ಕಾಣಿಸಿಕೊಂಡ ಕಥೆ ನಮ್ಮಜ್ಜಿ ಹೇಳುತ್ತಿದ್ದರು, ನಿಮ್ಮ ಮನೆಯಲ್ಲೂ ಯಾರಾದರೂ ಹೇಳಿರುತ್ತಾರೆ. ಒಂದೇ ಕಂಪನಿ, ಒಂದೇ ಊರು. ಒಬ್ಬ ಹೋದ, ಒಬ್ಬ ಉಳಿದ. ಜನ ಗೊತ್ತಿಲ್ಲದೆ ಮಾಡಿದ್ದಲ್ಲ ಅದು.

ಈಗ ನಿಮ್ಮ ಮಾವನವರ ಕಬ್ಬನ್. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್. ಅವನ ಕಾಲದಲ್ಲಿ 769 ಬಗೆಯ ಸಣ್ಣಪುಟ್ಟ ತೆರಿಗೆಗಳು ರದ್ದಾದವು. ಆ ಪಟ್ಟಿ ಓದಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆ ಬೋಳಿಸಿದರೆ ತೆರಿಗೆ. ಒಂದು ಹಳ್ಳಿಯವರು, ಯಾವುದೋ ಕಾಲದಲ್ಲಿ ಪಾಳೆಯಗಾರನ ಕುದುರೆ ತಪ್ಪಿಸಿಕೊಂಡಾಗ ತಮ್ಮ ಹಿರೀಕರು ಅದನ್ನು ಹುಡುಕಿಕೊಡಲಿಲ್ಲ ಎಂಬುದಕ್ಕೆ ತೆರಿಗೆ ಕಟ್ಟುತ್ತಿದ್ದರು. ಮಲೆನಾಡಿನ ನಗರ ಸೀಮೆಯ ಒಂದು ಜಾಗ ದಾಟುವಾಗ ಕೈಯನ್ನು ಮೈಗೆ ಒತ್ತಿ ಹಿಡಿಯದಿದ್ದರೆ ಅದಕ್ಕೂ ತೆರಿಗೆ! ಇವನ್ನೆಲ್ಲ ನಿಲ್ಲಿಸಿದವನನ್ನು ರೈತ ಹರಸಿದ್ದರೆ ಆಶ್ಚರ್ಯವಿಲ್ಲ. ಆದರೆ ಇದನ್ನು ನಮಗೆ ಹೇಳಿದವರು ಬಿ.ಎಲ್. ರೈಸ್. ನಮ್ಮ ಶಾಸನಗಳನ್ನು ಊರೂರಿನಿಂದ ಸಂಗ್ರಹಿಸಿಕೊಟ್ಟ ದೊಡ್ಡ ಮನುಷ್ಯ, ಬೆಂಗಳೂರಲ್ಲೇ ಹುಟ್ಟಿದವರು, ಆದರೂ ಅದೇ ಸರ್ಕಾರದ ಅಧಿಕಾರಿ. ಸರ್ಕಾರ ತನ್ನ ಆಡಳಿತದ ಬಗ್ಗೆ ತಾನೇ ಬರೆದದ್ದನ್ನು ಒಂದು ಚಿಟಿಕೆ ಉಪ್ಪು ಹಾಕಿಯೇ ಓದಬೇಕು.

ಇನ್ನೊಂದು ಪುಟವೂ ಇದೆ. ಕಬ್ಬನ್ ಕೂತ ಕುರ್ಚಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ 1831ರಲ್ಲಿ ಕಿತ್ತುಕೊಂಡ ಆಡಳಿತದ್ದು. 1799ರ ಒಪ್ಪಂದದ ಪ್ರಕಾರ ಮೈಸೂರು ಪ್ರತಿವರ್ಷ ಕಂಪನಿಗೆ ಕೊಡಬೇಕಿದ್ದ ಏಳು ಲಕ್ಷ ವರಹ, ಅಂದರೆ ಇಪ್ಪತ್ನಾಲ್ಕೂವರೆ ಲಕ್ಷ ರೂಪಾಯಿ, ಅವನ ಕಾಲದಲ್ಲೇನೂ ಮಾಫಿಯಾಗಲಿಲ್ಲ. 1834ರಲ್ಲಿ ಕಂಪನಿ ಕೊಡಗನ್ನು ನುಂಗಿತು. ಮೂರು ವರ್ಷದಲ್ಲಿ ಸುಳ್ಯ, ಕೊಡಗಿನ ರೈತರು ದಂಗೆಯೆದ್ದು ಮಂಗಳೂರಿನವರೆಗೆ ನುಗ್ಗಿ ಗುಡ್ಡದ ಮೇಲೆ ಬಾವುಟ ಹಾರಿಸಿದರು. ದಂಗೆ ಅಡಗಿಸಿ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯ ಬಳಿ 1837ರಲ್ಲಿ ನೇಣಿಗೇರಿಸಿದರು. ಆ ಗುಡ್ಡಕ್ಕೆ ಜನ ಇಂದಿಗೂ ಬಾವುಟಗುಡ್ಡೆ ಎನ್ನುತ್ತಾರೆ, ಯಾವ ಸಮಿತಿಯೂ ಠರಾವು ಮಾಡಿ ಇಟ್ಟ ಹೆಸರಲ್ಲ. ನಿಮ್ಮ ಮಗಳು ಕೇಳಿದ್ದಕ್ಕೆ ನನ್ನ ಉತ್ತರ: ಮಗೂ, ಆ ಅಧಿಕಾರಿ ಆಳಲಿಕ್ಕೇ ಬಂದವನು, ಒಳ್ಳೆಯದು ಮಾಡಲಿಕ್ಕೆ ಬಂದವನಲ್ಲ. ಬಂದಮೇಲೆ ಕೆಲವು ಒಳ್ಳೆಯ ಕೆಲಸ ಮಾಡಿದ. ಎರಡೂ ನಿಜ, ಒಂದರಿಂದ ಇನ್ನೊಂದನ್ನು ಕಳೆಯುವ ಲೆಕ್ಕ ಇಲ್ಲಿ ಬರುವುದಿಲ್ಲ.

ಟಿಪ್ಪು ವಿಷಯ ಬಂದಾಗ ಗುಂಪು ಒಡೆದದ್ದೂ ಸಹಜವೇ. 1791ರಲ್ಲಿ ಮರಾಠಾ ದಂಡಿನವರು ಶೃಂಗೇರಿಯನ್ನು ಲೂಟಿ ಮಾಡಿದಾಗ ಮಠಕ್ಕೆ ಹಣ, ಧಾನ್ಯ ಕಳಿಸಿ, ಸ್ವಾಮಿಗಳಿಗೆ ವಿನಯದಿಂದ ಕನ್ನಡದಲ್ಲಿ ಪತ್ರ ಬರೆಸಿದವನು ಟಿಪ್ಪು. ಆ ಪತ್ರಗಳನ್ನು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಬೆಳಕಿಗೆ ತಂದರು. ಇತ್ತ ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರ ಮನೆಗಳಲ್ಲಿ ಟಿಪ್ಪು ಕಾಲದ ಸಾವುಗಳ ನೆನಪಿಗೆ ನರಕ ಚತುರ್ದಶಿ ಆಚರಿಸುವುದಿಲ್ಲ. ಟಿಪ್ಪು ಸೈನ್ಯದ ಕೈಯಲ್ಲಿ ತಮ್ಮವರು ಸತ್ತ ಜಾಗವೆಂದು ಕೊಡವರು ನೆನೆಯುವ ದೇವಟ್ಟಿಪರಂಬು ಅವರಿಗೆ ಮರೆಯುವ ಜಾಗವಲ್ಲ. ಇದರಲ್ಲಿ ಯಾರು ಸುಳ್ಳು ಹೇಳುತ್ತಿದ್ದಾರೆ? ಯಾರೂ ಅಲ್ಲ. ಎಲ್ಲಿ ತಪ್ಪಿತು ಎಂದರೆ, 2015ರಲ್ಲಿ ಸರ್ಕಾರ ಇಡೀ ರಾಜ್ಯಕ್ಕೆ ಒಂದೇ ಜಯಂತಿ ಘೋಷಿಸಿದಾಗ. ಶ್ರೀರಂಗಪಟ್ಟಣದಲ್ಲಿ ಸಹಜವಾದದ್ದು ಮಡಿಕೇರಿಯಲ್ಲಿ ಗಾಯ ಕೆದಕಿತು, ಗಲಭೆಯಾಗಿ ಪ್ರಾಣವೂ ಹೋಯಿತು. 2019ರಲ್ಲಿ ಬಂದ ಇನ್ನೊಂದು ಸರ್ಕಾರ ಅದನ್ನು ರದ್ದು ಮಾಡಿತು. ಹೀಗೆ ಮೇಲಿನಿಂದ ಬಂದ ಗೌರವ ಮೇಲಿನಿಂದಲೇ ಹೋಯಿತು. ನನ್ನ ಅಭಿಪ್ರಾಯ ಕೇಳಿದರೆ, ಸರ್ಕಾರ ಯಾರ ಜಯಂತಿಯನ್ನೂ ಅಷ್ಟು ಉತ್ಸಾಹದಿಂದ ಮಾಡಬೇಕಿಲ್ಲ. ಈ ಮಾತಿಗೆ ಎರಡೂ ಕಡೆಯವರು ಬೈದಿದ್ದಾರೆ, ನೀವೂ ಬೈಯಬಹುದು.

ಇನ್ನೊಂದು ಕಡೆಯಿಂದಲೂ ನೋಡಬೇಕು. ಘಾನಾ ವಿಶ್ವವಿದ್ಯಾಲಯದಲ್ಲಿ 2016ರಲ್ಲಿ ನಮ್ಮ ರಾಷ್ಟ್ರಪತಿಗಳು ಗಾಂಧಿ ಪ್ರತಿಮೆ ಅನಾವರಣ ಮಾಡಿದರು. ದಕ್ಷಿಣ ಆಫ್ರಿಕಾದ ಆರಂಭದ ದಿನಗಳಲ್ಲಿ ಗಾಂಧಿ ಕರಿಯರ ಬಗ್ಗೆ ಬರೆದ ಹೀನಾಯದ ಮಾತುಗಳನ್ನು ಅಲ್ಲಿನ ಅಧ್ಯಾಪಕರು ಎತ್ತಿ ತೋರಿಸಿದರು. 2018ರ ಡಿಸೆಂಬರಿನಲ್ಲಿ ಪ್ರತಿಮೆ ಹೋಯಿತು. ಸುದ್ದಿ ಓದಿ ನನಗೂ ಕಸಿವಿಸಿಯಾಯಿತು. ಆದರೆ ಅವರ ಅಂಗಳ, ಅವರ ತೀರ್ಮಾನ. ನೀಲ್‌ನನ್ನು ನಾವು ತೆಗೆದದ್ದು ಸರಿ ಎಂದರೆ ಇದನ್ನೂ ಅರಗಿಸಿಕೊಳ್ಳಬೇಕಾಗುತ್ತದೆ.

ನಿಮ್ಮ ಮುಂದಿರುವ ದಾರಿಗಳ ವಿಷಯಕ್ಕೆ ಬರೋಣ. ಹಾಗೇ ಬಿಟ್ಟು ಪಕ್ಕದಲ್ಲಿ ವಿವರದ ಫಲಕ ಹಾಕಬಹುದು. ಕೇಳಲು ಸುಲಭ, ಮಾಡಲು ಕಷ್ಟ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗುಲಾಮರ ವ್ಯಾಪಾರಿ ಕೋಲ್ಸ್ಟನ್‌ನ ಪ್ರತಿಮೆಗೆ ಇಂಥದ್ದೇ ಫಲಕ ಹಾಕಲು ಹೊರಟಿದ್ದರು. ಯಾವ ಪದ ಇರಬೇಕು, ಯಾವುದು ಬೇಡ ಎಂದು ಜಗ್ಗಾಡಿ ಜಗ್ಗಾಡಿ 2019ರಲ್ಲಿ ಕೆಲಸವೇ ನಿಂತಿತು. 2020ರ ಜೂನ್‌ನಲ್ಲಿ ಜನ ಹಗ್ಗ ಕಟ್ಟಿ ಪ್ರತಿಮೆ ಉರುಳಿಸಿ ಬಂದರಿನ ನೀರಿಗೆ ನೂಕಿದರು. ಈಗ ಅದು ಅಲ್ಲಿನ ಮ್ಯೂಸಿಯಂನಲ್ಲಿದೆ, ಮೈಗೆ ಬಳಿದ ಬಣ್ಣವೂ ಹಾಗೇ ಇದೆ. ಫಲಕದ ಸಭೆಗಳು ಎಳೆದಷ್ಟೂ ಬೀದಿಯ ತಾಳ್ಮೆ ಕಡಿಮೆಯಾಗುತ್ತದೆ. ಹಾಗಾಗಿ ಈ ದಾರಿ ಹಿಡಿದರೆ ನಾಲ್ಕೇ ಸಾಲು ಬರೆಯಿರಿ, ವಿಶೇಷಣ ಹಾಕಬೇಡಿ. ಏನು ಮಾಡಿದ, ಯಾವಾಗ, ಯಾರು ಹೆಸರಿಟ್ಟರು, ಅಷ್ಟು ಸಾಕು.

ಬೇರೆಡೆಗೆ ಸಾಗಿಸಬಹುದು. ಹೈಕೋರ್ಟಿನ ಮುಂದಿದ್ದ ಕಬ್ಬನ್‌ನ ಕುದುರೆ ಸವಾರಿ ಪ್ರತಿಮೆಯನ್ನು 2020ರ ಜೂನ್‌ನಲ್ಲಿ, ಜಗತ್ತೆಲ್ಲ ಪ್ರತಿಮೆಗಳ ಬಗ್ಗೆ ಕಿತ್ತಾಡುತ್ತಿದ್ದ ದಿನಗಳಲ್ಲೇ, ಸದ್ದಿಲ್ಲದೆ ಪಾರ್ಕಿನೊಳಗೆ ತಂದಿಟ್ಟರು. ಇದರ ಅಪಾಯ ಅನಾಥವಾಗುವುದು. ದೆಹಲಿಯ ಕಾರೊನೇಷನ್ ಪಾರ್ಕ್‌ಗೆ ಹೋದರೆ ಗೊತ್ತಾಗುತ್ತದೆ. ಇಂಡಿಯಾ ಗೇಟಿನ ಬಳಿಯಿಂದ ತೆಗೆದ ಐದನೇ ಜಾರ್ಜ್ ಅಲ್ಲಿ ನಿಂತಿದ್ದಾನೆ, ಸುತ್ತ ಖಾಲಿ ಪೀಠಗಳು. ಗೌರವವೂ ಇಲ್ಲ, ಪಾಠವೂ ಇಲ್ಲ.

ಹೆಸರು ಬದಲಿಸುವುದಾದರೆ ಖರ್ಚು ನಿಮಗೇ. ಮನೆ ಪತ್ರ, ಆಧಾರ್, ಗ್ಯಾಸು, ಬೆಸ್ಕಾಂ ಬಿಲ್ಲು, ಬ್ಯಾಂಕು, ಮಕ್ಕಳ ಪಾಸ್‌ಪೋರ್ಟು ಎಲ್ಲದರಲ್ಲೂ ವರ್ಷಗಟ್ಟಲೆ ಎರಡು ವಿಳಾಸ ಓಡಾಡುತ್ತವೆ. ಸಂಘ ಕೋರಬಹುದು, ತೀರ್ಮಾನ ಪಾಲಿಕೆಯದ್ದು. ಹುಡುಗರು "ಕಲ್ಲಿನ ಜಾಗದಲ್ಲಿ ಪ್ರತಿಮೆ ನಿಲ್ಲಿಸೋಣ" ಎಂದರೆ ಒಪ್ಪಬೇಡಿ. ಸಾರ್ವಜನಿಕ ರಸ್ತೆ, ಫುಟ್‌ಪಾತ್‌ಗಳಲ್ಲಿ ಪ್ರತಿಮೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಇನ್ನು ರಾತ್ರೋರಾತ್ರಿ ಕಲ್ಲು ಒಡೆಯುವ ದಾರಿ. ಅದು ದಾರಿಯೇ ಅಲ್ಲ. ಪೊಲೀಸ್ ಕೇಸಿನ ಮಾತು ಬಿಡಿ, ಅದೇ ರಸ್ತೆಯಲ್ಲಿ ನಾಳೆ ಬೆಳಿಗ್ಗೆ ಹಾಲು ತರಲು ಒಬ್ಬರೆದುರು ಒಬ್ಬರು ಹೋಗಬೇಕಲ್ಲ.

ಇಷ್ಟಕ್ಕೂ ಮೊದಲು ಆ ಮನುಷ್ಯ ಯಾರೆಂದು ನೋಡಿದ್ದೀರಾ? ನಿಮ್ಮ ಪತ್ರದಲ್ಲಿ 'ಒಬ್ಬ ಬ್ರಿಟಿಷ್ ಅಧಿಕಾರಿ' ಎಂದಷ್ಟೇ ಇದೆ. ಸಭೆಯಲ್ಲಿ ಜಗಳವಾಡಿದ ಯಾರಿಗೂ ಅವನು ಏನು ಮಾಡಿದನೆಂದು ಗೊತ್ತಿರಲಿಕ್ಕಿಲ್ಲ ಎಂದು ನನ್ನ ಗುಮಾನಿ. ಒಮ್ಮೆ ಹೀಗೇ ಒಂದು ಊರಿನವರು ಬಂದರು, ಬೀದಿಗೆ ಹೆಸರಾದ ದೊರೆ 1857ರಲ್ಲಿ ಜನರನ್ನು ಕೊಂದವನೆಂದು ಭಾಷಣವೇ ಆಗಿಹೋಗಿತ್ತು. ಕಡತ ತೆಗೆದರೆ ಅವನು ಪ್ಲೇಗಿನ ಕಾಲದ ಆರೋಗ್ಯಾಧಿಕಾರಿ, ಚರಂಡಿ ತೋಡಿಸಿದವನು. 1857ರ ಹೊತ್ತಿಗೆ ಹುಟ್ಟೇ ಇರಲಿಲ್ಲ. ಬಂದವರು ಸ್ವಲ್ಪ ಹೊತ್ತು ಸುಮ್ಮನೆ ಕೂತು, ಕಾಫಿ ಕುಡಿದು ಹೋದರು. ಉಲ್ಟಾ ಆದದ್ದೂ ಉಂಟು. ಕೆರೆ ಕಟ್ಟಿಸಿದ ಪುಣ್ಯಾತ್ಮ ಎಂದು ನಂಬಿದ್ದವನ ಹೆಸರಲ್ಲಿ ಬಿಟ್ಟಿ ದುಡಿಮೆಯ ದೂರುಗಳ ಕಟ್ಟೇ ಸಿಕ್ಕಿತ್ತು.

ದಂಡು ಪ್ರದೇಶದ ಆಡಳಿತ ಬೇರೆಯೇ ಇತ್ತು. ಸಿವಿಲ್ ಆ್ಯಂಡ್ ಮಿಲಿಟರಿ ಸ್ಟೇಷನ್ನಿನ ಪುರಸಭೆ 1949ರಲ್ಲಷ್ಟೇ ನಗರದ ಪುರಸಭೆಯೊಡನೆ ಕೂಡಿ ಪಾಲಿಕೆಯಾಯಿತು. ಹಾಗಾಗಿ ಆ ಪುರಸಭೆಯ, ರೆಸಿಡೆನ್ಸಿಯ (ಬ್ರಿಟಿಷ್ ಪ್ರತಿನಿಧಿಯ ಕಚೇರಿಯ) ಕಡತಗಳಲ್ಲಿ ಹುಡುಕಬೇಕು. ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ವಿಷಯ ಬರೆದು ಅರ್ಜಿ ಕೊಡಿ. ಹುಡುಗರಲ್ಲಿ ಇಬ್ಬರನ್ನು, ಹಿರಿಯರಲ್ಲಿ ಇಬ್ಬರನ್ನು ಜೊತೆಗೆ ಕಳಿಸಿ, ಒಂದೇ ಕಡತ ನಾಲ್ಕು ಜನ ಓದಲಿ. ಧೂಳಿನಲ್ಲಿ ಜಗಳ ಅರ್ಧ ತಣ್ಣಗಾಗುತ್ತದೆ, ಇದು ನಾನು ಕಂಡ ಮಾತು. ನೀಲ್‌ನಂಥವನು ಸಿಕ್ಕರೆ ಹೆಸರು ತೆಗೆಯಲು ಪಾಲಿಕೆಗೆ ಬರೆಯಿರಿ, ನಾನೇ ಮೊದಲ ಸಹಿ ಹಾಕುತ್ತೇನೆ. ಚರಂಡಿಯವನು ಸಿಕ್ಕರೆ ನಾಲ್ಕು ಸಾಲಿನ ಫಲಕ ಸಾಕು. ನಡುವಿನವನು ಸಿಕ್ಕರೆ, ಬಹುಪಾಲು ಹಾಗೇ ಆಗುವುದು, ಒಂದು ವರ್ಷ ಸುಮ್ಮನಿದ್ದು ಮತ್ತೆ ಸೇರಿ.

ಟಿಪ್ಪಣಿಯಲ್ಲಿ ಕಡತದ ಸಂಖ್ಯೆ ಬರೆಯಲು ಮರೆಯಬೇಡಿ, ಮುಂದಿನ ಖಜಾಂಚಿಗೆ ಬೇಕಾಗುತ್ತದೆ. ಕಲ್ಲು ತೆಗೆಯುವುದೆಂದೇ ಆದರೆ ಮೊದಲು ನಾಲ್ಕೂ ಬದಿಯ ಫೋಟೊ ತೆಗೆಯಿರಿ, ಅಳತೆ ಬರೆದುಕೊಳ್ಳಿ. ಹಿಂಬದಿಯ ಪಾಚಿಯನ್ನು ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿ ನೋಡಿ, ಆ್ಯಸಿಡ್ ಮುಟ್ಟಿಸಬೇಡಿ. ಕೆತ್ತಿದ ಕಲ್ಲುಕುಟಿಗನ ಹೆಸರೋ ಗುರುತೋ ಎಷ್ಟೋ ಸಲ ಅಲ್ಲೇ ಇರುತ್ತದೆ.